ಮ್ಯಾಕ್ರೋ ಫೋಟೋಗೆ ಕಡಿಮೆ ಬೆಲೆಯ ಟ್ರೈಪಾಡ್ ಹೆಡ್: ಆರಿಸುವುದು, ಪರೀಕ್ಷಿಸುವುದು, ಬಳಸುವುದು

ಟ್ರೈಪಾಡ್ ಹೆಡ್, ಅಂದರೆ ಟ್ರೈಪಾಡ್ ಕಾಲುಗಳ ಮೇಲೆ ಕೂತು ಕ್ಯಾಮೆರಾ ಹಿಡಿದು ತಿರುಗಿಸುವ ಭಾಗ, ಕೇಳಿದರೆ ಅಂಗಡಿಯವರು ಮೊದಲು ಹೇಳುವುದು ತೂಕದ ಲೆಕ್ಕ. "ಹತ್ತು ಕೆಜಿ ತಡೀತದರಿ ಸರ್, ಚಿಂತಿ ಮಾಡಬ್ಯಾಡ್ರಿ." ಮ್ಯಾಕ್ರೋ, ಅಂದರೆ ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವವರಿಗೆ ಈ ಲೆಕ್ಕದಿಂದ ಅಷ್ಟೇನೂ ಉಪಯೋಗವಿಲ್ಲ. ಕ್ಯಾನನ್ 1500ಡಿ ಬಾಡಿ 475 ಗ್ರಾಂ. 100 ಎಂಎಂ ಎಲ್ ಮ್ಯಾಕ್ರೋ ಲೆನ್ಸ್ 625 ಗ್ರಾಂ. ಮೇಲೊಂದು ಫ್ಲ್ಯಾಶ್ ಕೂರಿಸಿದರೂ ಒಟ್ಟು ಒಂದೂವರೆ ಕೆಜಿ ಆಸುಪಾಸು. ಇಷ್ಟನ್ನು ಹೊರುವ ಹೆಡ್ ಎಲ್ಲಿ ಬೇಕಾದರೂ ಸಿಗುತ್ತದೆ. ಅದೂ ಅಲ್ಲದೆ ಡಬ್ಬಿ ಮೇಲೆ ಬರೆದ ಕೆಜಿ ಅಂಕಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಅಂತ ಒಂದಿಲ್ಲ. ಒಬ್ಬರ ಐದು ಕೆಜಿ, ಇನ್ನೊಬ್ಬರ ಹದಿನೈದು ಕೆಜಿಗಿಂತ ಗಟ್ಟಿ ಇರಬಹುದು.

ನಮಗೆ ಬೇಕಿರುವುದು ಬೇರೆ. ಫ್ರೇಮ್ ನೋಡಿಕೊಂಡು, ನಾಬ್ (ತಿರುಗಿಸುವ ಗುಂಡಿ) ಬಿಗಿ ಮಾಡಿ, ಕೈ ಬಿಟ್ಟ ಮೇಲೂ ಕ್ಯಾಮೆರಾ ಇಟ್ಟಲ್ಲೇ ಇರಬೇಕು. ಕಡಿಮೆ ಬೆಲೆಯ ಹೆಡ್‌ಗಳು ಸೋಲುವುದು ಇಲ್ಲೇ. ಬಿಗಿ ಮಾಡುವಾಗ ಚೂರು ಪಕ್ಕಕ್ಕೆ ಸರಿಯುತ್ತವೆ, ಕೈ ಬಿಟ್ಟ ಮೇಲೆ ಚೂರು ಕೆಳಗೆ ಜಗ್ಗುತ್ತವೆ.

ಒಂದು ಮಿಲಿಮೀಟರ್ ಯಾಕೆ ದೊಡ್ಡದು

ಬೀದರ್ ಕೋಟೆಯನ್ನು ದೂರದಿಂದ ತೆಗೆಯುವಾಗ ಹೆಡ್ ಒಂಚೂರು ಜಗ್ಗಿದರೆ ಯಾರಿಗೂ ಗೊತ್ತಾಗುವುದಿಲ್ಲ. 1:1 ಮ್ಯಾಕ್ರೋದಲ್ಲಿ, ಅಂದರೆ ವಸ್ತು ಸೆನ್ಸರ್ ಮೇಲೆ ತನ್ನ ನಿಜ ಗಾತ್ರದಲ್ಲೇ ಬೀಳುವಾಗ, ಹಾಗಲ್ಲ. ಎಪಿಎಸ್-ಸಿ ಸೆನ್ಸರ್ (1500ಡಿಯಂಥ ಕ್ಯಾಮೆರಾಗಳ ಚಿಕ್ಕ ಸೆನ್ಸರ್) ಇದ್ದರೆ ಇಡೀ ಫ್ರೇಮ್ ಅಂದರೆ ಸುಮಾರು 22 ಮಿಮೀ ಅಗಲ, 15 ಮಿಮೀ ಎತ್ತರ. ನಾಲ್ಕು ತೊಗರಿ ಕಾಳು ಸಾಲಾಗಿ ಇಟ್ಟರೆ ಫ್ರೇಮ್ ಭರ್ತಿ. ಹೆಡ್ ಬರೀ 0.2 ಡಿಗ್ರಿ ಜಗ್ಗಿದರೂ, ಅದರಿಂದ 30 ಸೆಂಮೀ ಮುಂದಿರುವ ವಸ್ತುವಿನ ಮೇಲೆ ಫ್ರೇಮ್ 1 ಮಿಮೀ ಕೆಳಗೆ ಹೋಗುತ್ತದೆ. 15 ಮಿಮೀ ಎತ್ತರದಲ್ಲಿ 1 ಮಿಮೀ! ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಫೋಕಸ್ ಕಥೆ ಇನ್ನೂ ಬಿಗಿ. 1:1ರಲ್ಲಿ ಲೆನ್ಸಿನ ಕಿಂಡಿ ಎಫ್/8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನಲ್ಲಿ ಸುಮಾರು 1 ಮಿಮೀ, ಎಪಿಎಸ್-ಸಿಯಲ್ಲಿ ಸುಮಾರು 0.6 ಮಿಮೀ. ಜೊತೆಗೆ 1:1ಕ್ಕೆ ಬಂದಾಗ ಬೆಳಕು ಎರಡು ಸ್ಟಾಪ್, ಅಂದರೆ ಕಾಲು ಭಾಗಕ್ಕೆ, ಇಳಿಯುತ್ತದೆ. ಎಫ್/8 ಅಂತ ಇಟ್ಟಿದ್ದು ಎಫ್/16ರಷ್ಟೇ ಬೆಳಕು ಕೊಡುತ್ತದೆ. ಆಗ ಶಟರ್ ನಿಧಾನವಾಗುತ್ತದೆ, ಹೆಡ್ ಅಲುಗಾಡಿದ್ದೆಲ್ಲ ಫೋಟೋದಲ್ಲಿ ಬರುತ್ತದೆ.

ಹೆಜ್ಜೆ 1: ನೀವು ಏನು ತೆಗೆಯುತ್ತೀರಿ?

ಹೆಡ್ ನೋಡುವ ಮೊದಲು ಇದನ್ನು ತೀರ್ಮಾನಿಸಿ.

ನಿಮ್ಮ ಆಸಕ್ತಿ ಬರೀ ಓಡಾಡುವ ಹುಳಗಳಾ? ಮಿರ್ಗದ ಮಳೆ ಬಿದ್ದ ಮೇಲೆ ಹೊಲದಲ್ಲಿ ಹರಿದಾಡುವ ಕೆಂಪು ಮಖಮಲ್ ಹುಳ, ಎಕ್ಕೆ ಗಿಡದ ಮೇಲಿನ ಚಿಟ್ಟೆ, ಜಿಗಿಯುವ ಜೇಡ. ಹಾಗಿದ್ದರೆ ಹೆಡ್‌ಗೆ ದುಡ್ಡು ಹಾಕಬೇಡಿ ಅಂತಲೇ ಹೇಳುತ್ತೇನೆ. ನೀವು ನಾಬ್ ಬಿಗಿ ಮಾಡುವಷ್ಟರಲ್ಲಿ ಹುಳ ಪಕ್ಕದ ಬದುವಿನಲ್ಲಿರುತ್ತದೆ. ಕಡಿಮೆ ಪವರ್‌ನಲ್ಲಿಟ್ಟ ಫ್ಲ್ಯಾಶ್ ಎಷ್ಟು ಬೇಗ ಹೊಳೆದು ಆರುತ್ತದೆ ಅಂದರೆ ಕೈಯ ನಡುಕ, ಹುಳದ ಓಟ ಎರಡೂ ನಿಂತಂತೆ ಬರುತ್ತವೆ. ಆ ದುಡ್ಡಿಗೆ ಒಂದು ಫ್ಲ್ಯಾಶ್, ಒಳ್ಳೆಯ ಡಿಫ್ಯೂಸರ್ (ಬೆಳಕನ್ನು ಮೆದು ಮಾಡುವ ಹೊದಿಕೆ) ತಗೊಳ್ಳಿ.

ಹೆಡ್ ಬೇಕಾಗುವುದು ಅಲುಗಾಡದ ವಸ್ತುಗಳಿಗೆ. ಬಿದರಿ ಸಾಮಾನು, ಹಳೆಯ ನಾಣ್ಯ, ಕಾಳು, ಕಲ್ಲು, ಮನೆಯೊಳಗಿಟ್ಟ ಹೂವು. ಬೆಳಗಿನ ಜಾವ ತಣ್ಣಗೆ ಮಂಜು ಹಿಡಿದು ಕೂತ ಹುಳಕ್ಕೂ ಆಗುತ್ತದೆ. ನವೆಂಬರ್ ಹೊತ್ತಿಗೆ ಕಲಬುರಗಿ ಸುತ್ತ ತೊಗರಿ ಹಳದಿಯಾಗಿ ಹೂ ಬಿಟ್ಟಿರುತ್ತದಲ್ಲ, ಆಗ ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋದರೆ ಟ್ರೈಪಾಡ್ ಹಚ್ಚಿ ಕೆಲಸ ಮಾಡಬಹುದು. ಹೂವಿನ ಹಿಂದಿನ ಎಸಳಿನ ಮೇಲೆ ಕೆಂಪು ಗೆರೆಗಳಿರುತ್ತವೆ, ಕೂದಲೆಳೆಯಷ್ಟು ಸಣ್ಣವು. ಪಕ್ಕದ ಎಳೆ ಕಾಯಿಗೆ ತೂತು ಕೊರೆದು ತಲೆ ಒಳಗೆ, ಮೈ ಹೊರಗೆ ಮಾಡಿಕೊಂಡ ಕಾಯಿಕೊರಕ ಹುಳ ಕಂಡರಂತೂ ಅದೃಷ್ಟ. ಅದು ತಿನ್ನುವುದು ಬಿಟ್ಟು ಬೇಗ ಎಲ್ಲಿಗೂ ಹೋಗುವುದಿಲ್ಲ. (ರೈತನಿಗೆ ಅದೇ ದುರದೃಷ್ಟ, ಆ ಮಾತು ಬೇರೆ.) ಬಿಸಿಲೇರಿ ಗಾಳಿ ಎದ್ದರೆ ಎಂಥ ಹೆಡ್ ಇದ್ದರೂ ಅಷ್ಟೇ, ಗಿಡವೇ ಕುಣಿಯುತ್ತಿರುತ್ತದೆ.

ಹೆಜ್ಜೆ 2: ಈಗಿರುವ ಕಾಲುಗಳನ್ನು ನೋಡಿ

ಮನೆಯಲ್ಲಿ ಆಗಲೇ ಟ್ರೈಪಾಡ್ ಇದ್ದರೆ ಅದರ ಹೆಡ್ ಬಿಚ್ಚಿ ಬರುತ್ತದಾ ನೋಡಿ. ಸಾವಿರದ ಆಸುಪಾಸಿನ ಎಷ್ಟೋ ಟ್ರೈಪಾಡ್‌ಗಳಲ್ಲಿ ಹೆಡ್ ಕಾಲಿಗೇ ಅಂಟಿಕೊಂಡಿರುತ್ತದೆ. ಅಂಥದ್ದಕ್ಕೆ ಹೊಸ ಹೆಡ್ ಕೂರಿಸಲು ಬರುವುದಿಲ್ಲ.

ಬಿಚ್ಚಿ ಬಂದರೆ ಕೆಳಗಿನ ಸ್ಕ್ರೂ ಅಳತೆ ನೋಡಿ. 3/8 ಇಂಚು ಅಥವಾ 1/4 ಇಂಚು, ಎರಡರಲ್ಲಿ ಒಂದು. ಅಳತೆ ಬೇರೆಯಾದರೂ ಚಿಂತೆಯಿಲ್ಲ, ನಡುವೆ ಹಾಕುವ ಹಿತ್ತಾಳೆ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದೆ.

ಆಮೇಲೆ ಟ್ರೈಪಾಡ್ ನಿಲ್ಲಿಸಿ ಮೇಲಿನ ತಟ್ಟೆಯನ್ನು ಎರಡೂ ಕೈಯಿಂದ ತಿರುಚಿ. ಅಲ್ಲೇ ಆಡುತ್ತಿದ್ದರೆ ಹೊಸ ಹೆಡ್ ತಂದರೂ ದಂಡ, ಮೊದಲು ಕಾಲು ಬದಲಿಸಿ. ಮ್ಯಾಕ್ರೋಗೆ ಕಾಲುಗಳು ಅಗಲಕ್ಕೆ ಚಾಚಿ ನೆಲದ ಹತ್ತಿರ ಬರುವಂತಿರಬೇಕು. ನಡುವಿನ ಕಂಬವನ್ನು ಎತ್ತಬೇಡಿ. ಎತ್ತಿದಷ್ಟೂ ಅಲುಗಾಟ ಜಾಸ್ತಿ.

ಹೆಜ್ಜೆ 3: ಹೆಡ್‌ಗಳಲ್ಲಿ ಯಾವುದು?

*ಬಾಲ್ ಹೆಡ್.* ಎಲ್ಲ ಕಡೆ ಸಿಗುವುದು ಇದೇ. ಒಂದು ನಾಬ್ ಸಡಿಲಿಸಿದರೆ ಕ್ಯಾಮೆರಾ ಎತ್ತ ಬೇಕಾದರೂ ತಿರುಗುತ್ತದೆ. ಗಡಿಬಿಡಿಯಲ್ಲಿ ಛಲೋ, ನಾಜೂಕಿನ ಕೆಲಸಕ್ಕೆ ತೊಂದರೆ. ಎಡಕ್ಕೆ ಒಂಚೂರು ಸರಿಸಬೇಕಂದರೆ ಮೂರೂ ದಿಕ್ಕು ಒಟ್ಟಿಗೆ ಸಡಿಲಾಗುತ್ತವೆ, ಸರಿ ಮಾಡಿಕೊಂಡಿದ್ದ ಮಟ್ಟವೂ ಹಾಳಾಗುತ್ತದೆ. ಆದರೂ ಇದನ್ನೇ ತಗೊಳ್ಳುವುದಾದರೆ ಬಾಲ್‌ನ ವ್ಯಾಸ 36 ಮಿಮೀಗಿಂತ ಕಡಿಮೆ ಬೇಡ, 44 ಮಿಮೀ ಸಿಕ್ಕರೆ ಇನ್ನೂ ಒಳ್ಳೆಯದು. ಬಾಲ್ ದೊಡ್ಡದಾದಷ್ಟೂ ಹಿಡಿತಕ್ಕೆ ಜಾಗ ಜಾಸ್ತಿ. ನಾಬ್ ಮೂರಿರಬೇಕು. ಬಾಲ್ ಬಿಗಿ ಮಾಡಲು ಒಂದು, ಬುಡ ಸುತ್ತ ತಿರುಗುವುದನ್ನು ತಡೆಯಲು ಒಂದು, ಫ್ರಿಕ್ಷನ್‌ಗೆ, ಅಂದರೆ ಬಾಲ್ ಎಷ್ಟು ಬಿಗಿಯಾಗಿ ತಿರುಗಬೇಕು ಅಂತ ಹೊಂದಿಸಲು, ಒಂದು. ಫ್ರಿಕ್ಷನ್ ನಾಬ್ ಇಲ್ಲದ ಬಾಲ್ ಹೆಡ್ ಎಷ್ಟೇ ಅಗ್ಗವಿರಲಿ, ಮ್ಯಾಕ್ರೋಗೆ ಬೇಡ. ನಾಬ್ ಸಡಿಲಿಸಿದ ಕೂಡಲೇ ಕ್ಯಾಮೆರಾ ಮೂತಿ ನೆಲಕ್ಕೆ ಬಡಿಯುತ್ತದೆ.

*ಮೂರು ಹಿಡಿಯ ಪ್ಯಾನ್-ಟಿಲ್ಟ್ ಹೆಡ್.* ನೋಡಲು ಹಳೇ ಕಾಲದ್ದು, ಕಾರ್ಟೂನಿನ ರೋಬೋ ಥರ ಹಿಡಿಗಳು ಚಾಚಿಕೊಂಡಿರುತ್ತವೆ. ಕಡಿಮೆ ದುಡ್ಡಿನಲ್ಲಿ ಕೂತಲ್ಲೇ ಕೂರುವ ವಸ್ತುಗಳ ಮ್ಯಾಕ್ರೋ ಮಾಡುವವರಿಗೆ ನನ್ನ ಮೊದಲ ಸಲಹೆ ಇದೇ. ಕೆಳಗೆ-ಮೇಲೆ ಒಂದು ಹಿಡಿ, ಅಡ್ಡಕ್ಕೆ ವಾಲಿಸಲು ಒಂದು, ಸುತ್ತ ತಿರುಗಿಸಲು ಒಂದು. ಒಂದನ್ನು ಮುಟ್ಟಿದರೆ ಉಳಿದೆರಡು ಇದ್ದಲ್ಲೇ ಇರುತ್ತವೆ. ತೊಂದರೆ ಎರಡು. ಟ್ರೈಪಾಡನ್ನು ನೆಲಕ್ಕೆ ಇಳಿಸಿದಾಗ ಹಿಡಿಗಳು ಮಣ್ಣಿಗೆ ತಾಗುತ್ತವೆ, ವ್ಯೂಫೈಂಡರ್‌ಗೆ ಬಗ್ಗಿದರೆ ಎದೆಗೆ ಚುಚ್ಚುತ್ತವೆ. ಅದಕ್ಕೇ ಹಿಡಿ ಗಿಡ್ಡ ಇರುವುದನ್ನು ಅಥವಾ ಬಿಚ್ಚಿ ತೆಗೆಯಬಹುದಾದದ್ದನ್ನು ನೋಡಿ. ಇನ್ನೊಂದು, ಪ್ಲಾಸ್ಟಿಕ್ ಹೆಡ್ ಬೇಡ. ಲೋಹದ್ದೇ ಇರಲಿ.

*ಗೇರ್ಡ್ ಹೆಡ್.* ಮ್ಯಾಕ್ರೋಗೆ ಹೇಳಿ ಮಾಡಿಸಿದ್ದು. ಒಂದೊಂದು ದಿಕ್ಕಿಗೂ ಒಂದು ನಾಬ್. ತಿರುಗಿಸಿದಷ್ಟೇ ಸರಿಯುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ, ಬೇರೆ ಬಿಗಿ ಮಾಡುವ ಕೆಲಸವೇ ಇಲ್ಲ. ಮ್ಯಾನ್‌ಫ್ರೊಟ್ಟೊ 410 ಜೂನಿಯರ್ ಹಳೆಯ ಹೆಸರುವಾಸಿ, ಸುಮಾರು 1.2 ಕೆಜಿ ತೂಕದ ಗುಂಡುಕಲ್ಲು. ಅದೇ ಕಂಪನಿಯ ಎಕ್ಸ್‌ಪ್ರೊ ಗೇರ್ಡ್ ಹೆಡ್ ಹಗುರ. ಬೆನ್ರೊ ಜಿಡಿ3ಡಬ್ಲ್ಯೂಎಚ್‌ಗೆ ಆರ್ಕಾ ಪ್ಲೇಟ್ (ಕ್ಯಾಮೆರಾ ಅಡಿಗೆ ಹಾಕುವ ಪಟ್ಟಿ, ಹೆಜ್ಜೆ 4 ನೋಡಿ) ಸೀದಾ ಹೊಂದುತ್ತದೆ. ಬೆಲೆ ಮಾತ್ರ ಹೊಸದಕ್ಕೆ ಐದಂಕಿ. ವಾರಕ್ಕೆರಡು ಸಲ ಮ್ಯಾಕ್ರೋ ಮಾಡುವವರಿಗೆ ಸರಿ. ವರ್ಷಕ್ಕೆರಡು ಸಲ ಮಾಡುವವರಿಗೆ ಸುಮ್ನೆ ಭಾರ.

ಮದುವೆ ವಿಡಿಯೋದವರ ಹತ್ತಿರ ಇರುವ ಫ್ಲೂಯಿಡ್ ಹೆಡ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ಅದು ಸುತ್ತ ತಿರುಗುತ್ತದೆ, ಮೇಲೆ-ಕೆಳಗೆ ಬಾಗುತ್ತದೆ. ಅಡ್ಡಕ್ಕೆ ವಾಲುವುದಿಲ್ಲ. ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಬೇಕಂದಾಗ ಕೈಚೆಲ್ಲುತ್ತದೆ.

ಹೆಜ್ಜೆ 4: ಪ್ಲೇಟ್

ಆರ್ಕಾ ಮಾದರಿಯ ಪ್ಲೇಟ್ ಹಿಡಿಯುವ ಹೆಡ್ಡನ್ನೇ ಆರಿಸಿ. ಸುಮಾರು 38 ಮಿಮೀ ಅಗಲದ ಈ ಪ್ಲೇಟ್ ಬೇರೆ ಬೇರೆ ಕಂಪನಿಗಳದ್ದು ಹೊಂದುತ್ತದೆ, ಮುಂದೆ ರೈಲ್ (ಹೆಜ್ಜೆ 7 ನೋಡಿ) ಕೊಂಡರೂ ಅದೇ ನಡೆಯುತ್ತದೆ. ಅಗಲದಲ್ಲಿ ಕೂದಲೆಳೆ ವ್ಯತ್ಯಾಸ ಇರುವುದುಂಟು. ಅದಕ್ಕೆ ಪ್ಲೇಟ್ ಹಿಡಿಯಲು ಲಿವರ್ ಕ್ಲಾಂಪ್‌ಗಿಂತ ಸ್ಕ್ರೂ ಕ್ಲಾಂಪ್ ವಾಸಿ. ಎಷ್ಟು ಬೇಕೋ ಅಷ್ಟು ಬಿಗಿಯಾಗುತ್ತದೆ.

ಲೆನ್ಸ್ ಕೆಳಗೆ ಮಾಡಿದಾಗ ಕ್ಯಾಮೆರಾ ಪ್ಲೇಟ್ ಮೇಲೇ ತಿರುಗುವುದುಂಟು. ಹೆಡ್ ಜಗ್ಗಿತು ಅಂತ ಬೈಯುವ ಮೊದಲು ಇದನ್ನು ನೋಡಿ. ಅಂಚಿಗೆ ತಡೆ ಇರುವ ಪ್ಲೇಟ್ ಅಥವಾ ಎಲ್ ಬ್ರಾಕೆಟ್ (ಕ್ಯಾಮೆರಾ ಅಡಿ, ಪಕ್ಕ ಎರಡನ್ನೂ ಹಿಡಿಯುವ ಎಲ್ ಆಕಾರದ ಪ್ಲೇಟ್) ಹಾಕಿದರೆ ತಿರುಗುವುದಿಲ್ಲ. ಲೆನ್ಸ್‌ಗೆ ಕಾಲರ್ (ಲೆನ್ಸ್ ಸುತ್ತ ಹಾಕಿ ಹೆಡ್ ಮೇಲೆ ಕೂರಿಸುವ ಬಳೆ) ಇದ್ದರಂತೂ ಬಹಳ ಆರಾಮ. ತೂಕ ನಡುವೆ ಬಂದು ಕೂರುತ್ತದೆ, ಅಗ್ಗದ ಹೆಡ್ ಕೂಡ ಆಗ ಚೆನ್ನಾಗಿ ನಿಲ್ಲುತ್ತದೆ.

ಹೆಜ್ಜೆ 5: ಕೊಳ್ಳುವ ಮೊದಲು ಸ್ಟೀಲ್ ಸ್ಕೇಲ್ ಪರೀಕ್ಷೆ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ. ಅಂಗಡಿಗೆ ನಿಮ್ಮದೇ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್ ಒಯ್ಯಿರಿ. ಮಕ್ಕಳ ಕಂಪಾಸ್ ಪೆಟ್ಟಿಗೆಯಿಂದ ಒಂದು ಸ್ಟೀಲ್ ಸ್ಕೇಲ್ ಜೇಬಿಗೆ ಹಾಕಿಕೊಳ್ಳಿ. ಆನ್‌ಲೈನ್ ಕೊಂಡಿದ್ದರೆ ಡಬ್ಬಿ ಬಂದ ದಿನವೇ ಮನೆಯಲ್ಲಿ ಮಾಡಿ, ವಾಪಸ್ ಮಾಡುವ ಗಡುವು ಮುಗಿಯುವ ಮೊದಲು.

ಸ್ಕೇಲನ್ನು ಮೇಜಿನ ಮೇಲೆ ಮಲಗಿಸಿ. ಕ್ಯಾಮೆರಾವನ್ನು ಸುಮಾರು 45 ಡಿಗ್ರಿ ಕೆಳಗೆ ಬಾಗಿಸಿ. ಮಟ್ಟಸವಾಗಿಟ್ಟು ಪರೀಕ್ಷಿಸಿದರೆ ಎಲ್ಲ ಹೆಡ್‌ಗಳೂ ಪಾಸ್ ಆಗುತ್ತವೆ, ಬಾಗಿಸಿದಾಗಲೇ ಬಂಡವಾಳ ಹೊರಬೀಳುವುದು. ಲೆನ್ಸನ್ನು 1:1ಕ್ಕೆ ತಿರುಗಿಸಿ, ಸ್ಕೇಲಿನ ಗೆರೆಗಳು ಫ್ರೇಮಿನಲ್ಲಿ ಅಡ್ಡಕ್ಕೆ ಬರುವಂತೆ ಇಡಿ. ಲೈವ್ ವ್ಯೂ (ಕ್ಯಾಮೆರಾ ಹಿಂದಿನ ಪರದೆಯಲ್ಲಿ ನೋಡುವುದು) ಹಾಕಿ, ಒಂದು ಮಿಮೀ ಗೆರೆಯನ್ನು ಸರಿಯಾಗಿ ನಡುವೆ ತನ್ನಿ. ಈಗ ಕೈಯಿಂದ ಕ್ಯಾಮೆರಾ ಹಿಡಿದುಕೊಂಡೇ ನಾಬ್ ಬಿಗಿ ಮಾಡಿ, ಕೈ ಬಿಡಿ.

ಗೆರೆ ಎಷ್ಟು ಸರಿಯಿತು? ಅರ್ಧ ಮಿಮೀ ಒಳಗಿದ್ದರೆ ಕಡಿಮೆ ಬೆಲೆಗೆ ಬಹಳ ಒಳ್ಳೆಯ ಹೆಡ್. ಒಂದು ಮಿಮೀ ಆದರೆ ಹೊಂದಿಕೊಂಡು ಹೋಗಬಹುದು. ಎರಡು ದಾಟಿದರೆ ಕೈಮುಗಿದು ವಾಪಸ್ ಕೊಡಿ.

ಐದು ನಿಮಿಷ ಮುಟ್ಟದೆ ಬಿಡಿ. ಚಹಾ ಕುಡಿಯಿರಿ. ಮತ್ತೆ ನೋಡಿದಾಗ ಗೆರೆ ಇನ್ನೂ ಕೆಳಗೆ ಹೋಗಿದ್ದರೆ ಆ ಹೆಡ್ ಬೇಡವೇ ಬೇಡ. ಬಿಗಿ ಮಾಡುವಾಗ ಒಂದು ಸಲ ಸರಿಯುವುದಕ್ಕೆ ಉಪಾಯವಿದೆ, ಮೊದಲೇ ಅಷ್ಟು ಮೇಲೆ ಇಟ್ಟುಕೊಂಡರಾಯಿತು. ನಿಧಾನಕ್ಕೆ ಜಗ್ಗುತ್ತಲೇ ಇರುವುದಕ್ಕೆ ಉಪಾಯವಿಲ್ಲ.

ಕೊನೆಗೆ ಲೈವ್ ವ್ಯೂ ಹತ್ತು ಪಟ್ಟು ದೊಡ್ಡದು ಮಾಡಿ, ಲೆನ್ಸಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಚಿತ್ರ ನಡುಗಿ ತಕ್ಷಣ ನಿಲ್ಲಬೇಕು. ಬಹಳ ಹೊತ್ತು ತೂಗಾಡಿದರೆ ಒಳಗೆಲ್ಲೋ ಸಡಿಲವಿದೆ ಅಥವಾ ಕಾಲು ದುರ್ಬಲ. ಅದೇ ಕಾಲಿಗೆ ಬೇರೆ ಹೆಡ್ ಹಾಕಿ ನೋಡಿದರೆ ಯಾರ ತಪ್ಪು ಅಂತ ಗೊತ್ತಾಗುತ್ತದೆ.

ಅಂಗಡಿಯವರು ಇಷ್ಟಕ್ಕೆಲ್ಲ ಬಿಡುತ್ತಾರಾ? ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ಹೋಗಿ, ಮೊದಲೇ ಕೇಳಿಕೊಳ್ಳಿ. ನಮ್ಮ ಬೀದರ್-ಕಲಬುರಗಿ ಕಡೆ ಹೆಡ್ ಮಾತ್ರ ಬಿಡಿಯಾಗಿ ಇಟ್ಟವರು ಕಡಿಮೆ. ಬೀದರಿನವರು ಹೇಗೂ ಹೈದರಾಬಾದಿಗೆ ಹೋಗಿ ಬರುತ್ತಿರುತ್ತೀರಿ. ಕೋಠಿ ಕಡೆಯ ಕ್ಯಾಮೆರಾ ಅಂಗಡಿಗಳಲ್ಲಿ ನಾಲ್ಕಾರು ಹೆಡ್ ಮುಟ್ಟಿ ನೋಡಿ ಬರಬಹುದು.

ಹೆಜ್ಜೆ 6: ದುಡ್ಡಿನ ಲೆಕ್ಕ

ಸಾವಿರದೊಳಗಿನ ಹೆಡ್ ಮೊಬೈಲ್‌ಗೆ ಸರಿ, ಮ್ಯಾಕ್ರೋಗೆ ಬೇಡ. ಎರಡರಿಂದ ಐದು ಸಾವಿರದ ನಡುವೆ ದಪ್ಪ ಬಾಲ್ ಹೆಡ್, ಲೋಹದ ಪ್ಯಾನ್-ಟಿಲ್ಟ್ ಹೆಡ್ ಎರಡೂ ನೋಡಲು ಸಿಗುತ್ತವೆ. ಈ ಮಟ್ಟದಲ್ಲಿ ಹೆಸರು ನೋಡಬೇಡಿ, ಸ್ಕೇಲ್ ನೋಡಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಹಿಂಜರಿಕೆ ಬೇಡ. ಹೆಡ್‌ನಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲ, ಕೆಡುವುದು ಕಡಿಮೆ. ಸ್ಟುಡಿಯೋದವರ ಕಪಾಟಿನಲ್ಲಿ ಹಳೆಯ ಮೂರು ಹಿಡಿಯ ಲೋಹದ ಹೆಡ್ ಧೂಳು ತಿನ್ನುತ್ತಾ ಕೂತಿರುವುದುಂಟು, ವಿಚಾರಿಸಿ. ಸ್ಕ್ರೂ ಹಲ್ಲು ಸವೆದಿದೆಯಾ, ಪ್ಲೇಟ್ ಜೊತೆಗಿದೆಯಾ ನೋಡಿ. ಹಳೆಯ ಹೆಡ್‌ಗಳ ಪ್ಲೇಟ್ ಕಳೆದಿದ್ದರೆ ಹೊಂದುವುದು ಹುಡುಕುವುದೇ ದೊಡ್ಡ ಕೆಲಸ. ಗೇರ್ಡ್ ಹೆಡ್ ಆದರೆ ನಾಬನ್ನು ಹಿಂದೆ-ಮುಂದೆ ತಿರುಗಿಸಿ. ನಾಬ್ ತಿರುಗಿದರೂ ಹೆಡ್ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹಲ್ಲು ಸವೆದಿದೆ ಅಂತ ಲೆಕ್ಕ.

ಹೆಜ್ಜೆ 7: ರೈಲ್ ಬೇಕಾ?

ಬೇಕು, ಆದರೆ ಹೆಡ್ ಆದಮೇಲೆ. ಹೆಡ್ ಕ್ಯಾಮೆರಾವನ್ನು ತಿರುಗಿಸುತ್ತದೆ, ಹಿಂದೆ-ಮುಂದೆ ಸರಿಸುವುದಿಲ್ಲ. 1:1ರಲ್ಲಿ ಫೋಕಸ್ ರಿಂಗ್ ತಿರುಗಿಸಿದರೆ ವಸ್ತುವಿನ ಗಾತ್ರವೂ ಬದಲಾಗುತ್ತದೆ. ಅದಕ್ಕೇ ಇಡೀ ಕ್ಯಾಮೆರಾವನ್ನೇ ಕೂದಲೆಳೆ ಮುಂದೆ ತಳ್ಳುವ ಫೋಕಸಿಂಗ್ ರೈಲ್. ಹೆಡ್ ಮೇಲೆ ರೈಲ್, ರೈಲ್ ಮೇಲೆ ಕ್ಯಾಮೆರಾ. ಬರೀ ಸಿಂಗಲ್ ಫೋಟೋಗೆ ಹಲ್ಲಿನ ಪಟ್ಟಿಯ ಸಾದಾ ರೈಲ್ ಸಾಕು. ಹತ್ತಾರು ಫೋಟೋ ತೆಗೆದು ಒಂದಾಗಿ ಸೇರಿಸುವ ಫೋಕಸ್ ಸ್ಟ್ಯಾಕಿಂಗ್ ಮಾಡುವುದಿದ್ದರೆ ಉದ್ದ ಸ್ಕ್ರೂ ಮೇಲೆ ಓಡುವ ರೈಲ್ ನೋಡಿ. ಅದರಲ್ಲಿ ಅರ್ಧ ಮಿಮೀಗಿಂತ ಸಣ್ಣ ಹೆಜ್ಜೆ ಇಡುವುದು ಸುಲಭ. ರೈಲ್ ಸೇರಿದರೆ ಹೆಡ್ ಮೇಲಿನ ಎತ್ತರ, ತೂಕ ಎರಡೂ ಹೆಚ್ಚುತ್ತವೆ. ಸ್ಕೇಲ್ ಪರೀಕ್ಷೆಯನ್ನು ರೈಲ್ ಹಾಕಿ ಇನ್ನೊಮ್ಮೆ ಮಾಡಿ.

ಹೆಜ್ಜೆ 8: ಕೆಲಸಕ್ಕೆ ಹಚ್ಚುವುದು

ಬಿದರಿ ಹೂದಾನಿ ಒಂದನ್ನು ಎದುರಿಗಿಟ್ಟುಕೊಂಡು ನೋಡೋಣ. ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಬಳ್ಳಿ ಕೆತ್ತಿ, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರದಿಂದ ಕಪ್ಪು ಮಾಡಿದ ಸಾಮಾನು ಅದು. ಹತ್ತಿರದಿಂದ ನೋಡಿದರೆ ತಂತಿಯ ಅಂಚಿನಲ್ಲಿ ಸುತ್ತಿಗೆಯ ಸಣ್ಣ ತಗ್ಗುಗಳು ಕಾಣುತ್ತವೆ. ತೆಗೆಯಬೇಕಾದದ್ದೇ ಅದನ್ನು. ತೊಂದರೆ ಏನಂದರೆ ಬೆಳ್ಳಿ ಹೊಳೆಯುತ್ತದೆ, ಕಪ್ಪು ಹೊಳೆಯುವುದಿಲ್ಲ. ಕೋನ ಚೂರು ತಪ್ಪಿದರೆ ಬೆಳ್ಳಿ ಬೆಳ್ಳಗೆ ಸುಟ್ಟು ಹೋಗುತ್ತದೆ, ಇಲ್ಲವೇ ಬೂದಿ ಬಣ್ಣಕ್ಕೆ ತಿರುಗಿ ಸಪ್ಪೆಯಾಗುತ್ತದೆ.

ಮೊದಲು ಹೂದಾನಿ, ದೀಪ ಎರಡನ್ನೂ ಇಟ್ಟು ಬರಿಗಣ್ಣಿನಿಂದ ಹೊಳಪು ಸರಿಯಾಗಿ ಕಾಣುವ ಜಾಗ ಹುಡುಕಿ. ಕ್ಯಾಮೆರಾವನ್ನು ಅಲ್ಲಿಗೆ ತರಲು ಟ್ರೈಪಾಡ್ ಕಾಲುಗಳನ್ನೇ ಸರಿಸಿ, ಹೆಡ್ ಮುಟ್ಟಬೇಡಿ. ದೊಡ್ಡ ಕೆಲಸ ಕಾಲಿನದು, ಸಣ್ಣ ಕೆಲಸ ಹೆಡ್ಡಿನದು. ಆಮೇಲೆ ಅಡ್ಡ ವಾಲಿಕೆ ಸರಿ ಮಾಡಿ ಬಿಗಿ ಮಾಡಿ. ನಂತರ ಸುತ್ತ ತಿರುಗುವುದು. ಮೇಲೆ-ಕೆಳಗೆ ಬಾಗುವುದನ್ನು ಕೊನೆಗೆ ಇಟ್ಟುಕೊಳ್ಳಿ, ಜಗ್ಗುವುದು ಆ ದಿಕ್ಕಿನಲ್ಲೇ. ಬಾಲ್ ಹೆಡ್ ಆದರೆ ಫ್ರಿಕ್ಷನ್ ನಾಬನ್ನು ಕ್ಯಾಮೆರಾ ಬಿಟ್ಟರೂ ಬೀಳದಷ್ಟು ಬಿಗಿ ಇಟ್ಟು, ಸ್ಕೇಲಿನಲ್ಲಿ ಕಂಡ ಜಾರುವಿಕೆಯಷ್ಟು ಫ್ರೇಮನ್ನು ಮೇಲಕ್ಕೆ ಇಟ್ಟು ಬಿಗಿ ಮಾಡಿ. ನಾಲ್ಕು ದಿನದಲ್ಲಿ ಕೈಗೆ ರೂಢಿಯಾಗುತ್ತದೆ.

ಫೋಟೋ ಒತ್ತುವಾಗ ಎರಡು ಸೆಕೆಂಡಿನ ಟೈಮರ್ ಹಾಕಿ. ಡಿಎಸ್‌ಎಲ್‌ಆರ್ ಆದರೆ ಲೈವ್ ವ್ಯೂ ಅಥವಾ ಮಿರರ್ ಲಾಕ್ (ಒಳಗಿನ ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸುವುದು) ಬಳಸಿ. ಕನ್ನಡಿ ಎಗರುವ ಹೊಡೆತ 1/15 ಸೆಕೆಂಡಿನ ಆಸುಪಾಸಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಫ್ಯಾನ್ ಬಂದ್ ಮಾಡಿ. ಏಪ್ರಿಲ್-ಮೇ ಕಲಬುರಗಿಯಲ್ಲಿ ಕೂಲರ್ ಆರಿಸಿ ಕೂರುವುದು ಶಿಕ್ಷೆಯೇ, ಗೊತ್ತು. ಹೂವು ತೆಗೆಯುವಾಗ ಬೇರೆ ದಾರಿಯಿಲ್ಲ. ಬೆಳಿಗ್ಗೆ ಆರಕ್ಕೇ ಮುಗಿಸಿಬಿಡಿ.

ಹೊಲಕ್ಕೆ ಒಯ್ದರೆ ಎರೆ ಮಣ್ಣಿನ ಲೆಕ್ಕ ಬೇರೆ. ಮಳೆಗಾಲದಲ್ಲಿ ಕಾಲು ಮೆಲ್ಲಗೆ ಇಳಿಯುತ್ತಲೇ ಇರುತ್ತದೆ. ನೀವು ಹೆಡ್ ಜಗ್ಗುತ್ತಿದೆ ಅಂದುಕೊಳ್ಳುತ್ತೀರಿ. ಬೇಸಿಗೆಯಲ್ಲಿ ಬಿರುಕಿನ ಅಂಚು ಕುಸಿಯುತ್ತದೆ. ಅಂಗೈ ಅಗಲದ ಶಹಾಬಾದ್ ಫರಸಿ ಚೂರು ಮೂರು ಬ್ಯಾಗಿನಲ್ಲಿಟ್ಟುಕೊಂಡು ಕಾಲಿನ ಕೆಳಗೆ ಹಾಕಿ. ಕಟ್ಟಡ ಕೆಲಸ ನಡೆಯುವ ಕಡೆ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ತೀರಾ ನೆಲಮಟ್ಟದ ಫೋಟೋಗೆ ಟ್ರೈಪಾಡೇ ಬೇಡ. ತೊಗರಿಯೋ ಅಕ್ಕಿಯೋ ತುಂಬಿದ ಸಣ್ಣ ಬಟ್ಟೆ ಚೀಲದ ಮೇಲೆ ಕ್ಯಾಮೆರಾ ಒತ್ತಿ ಕೂರಿಸಿ.

ಜೋಪಾನ

ಬಾಲ್ ಹೆಡ್ ಹಿಡಿಯುವುದು ಘರ್ಷಣೆಯಿಂದ. ಗಟ್ಟಿಯಾಯಿತು ಅಂತ ಬಾಲ್‌ಗೆ ಎಣ್ಣೆ ಬಿಟ್ಟರೆ ಹಿಡಿತವೇ ಹೋಗುತ್ತದೆ. ಒಣ ಬಟ್ಟೆಯಿಂದ ಒರೆಸಿ, ಸಾಕು. ನಮ್ಮ ಕಡೆಯ ಸಣ್ಣ ಧೂಳು ಬಾಲ್ ಮತ್ತು ಅದು ಕೂರುವ ಗುಂಡಿಯ ನಡುವೆ ಸೇರಿದರೆ ತಿರುಗಿಸುವಾಗ ಕರಕರ ಅನ್ನುತ್ತದೆ. ಹಾಗಾದಾಗ ಬಲವಂತ ಮಾಡದೆ ಬ್ಲೋವರ್‌ನಿಂದ ಊದಿ. ಗೇರ್ಡ್ ಹೆಡ್ಡನ್ನು ಮೇ ತಿಂಗಳ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ, ಗ್ರೀಸ್ ಕರಗಿ ಹೊರಗೆ ಬರಬಹುದು. ಕೆಲಸ ಮುಗಿದ ಮೇಲೆ ಎಲ್ಲ ನಾಬ್ ಸ್ವಲ್ಪ ಸಡಿಲಿಸಿ ಇಡಿ.